ತಾತನನ್ನು ಮನೆಯಿಂದ ಕಳಿಸಿದ ಬಗೆ

ಊರಿಗೆಲ್ಲ ಬೇಕಾದ ತಾತನೊಬ್ಬನನ್ನು ಮನೆಯಿಂದ ಹೊರಗೆ ಹಾಕುವುದು ಹೇಗೆ ಎಂದು ಕಲಿಯಲು ಗುಮಾಸ್ತೆಗೆ ಹಿಡಿದದ್ದು ಏಳು ವಾರ. ಅದಕ್ಕೂ ಮುಂಚಿನ ನಾಲ್ಕು ವರ್ಷ ಅವಳು ಮಾಡಿದ್ದೆಲ್ಲ ಇನ್ನೊಬ್ಬರು ಹೇಳಿದ್ದನ್ನು ಟೈಪು ಮಾಡಿದ್ದು.

ಗುಮಾಸ್ತೆ ಅನ್ನುವುದು ಅವಳ ಹೆಸರಲ್ಲ, ಸೋದರಮಾವ ಇಟ್ಟ ಅಡ್ಡಹೆಸರು. ಅಪ್ಪ ಹೋದ ಮೇಲೆ ಅವಳನ್ನೂ ಅವಳ ಅಮ್ಮನನ್ನೂ ತಮ್ಮ ಮನೆಗೆ ಕರೆತಂದು ಸಾಕಿದವರು ಅವರೇ. ಮಾವ ನಾಟಕದ ನಟರು. ನಲವತ್ತು ವರ್ಷ ರಂಗದ ಮೇಲೆ ಕಾವಲುಗಾರ, ಡಾಕ್ಟರು, ನಾಯಕಿಯ ಚಿಕ್ಕಪ್ಪ, ಹೀಗೆ ಬಂದು ಹೋಗುವ ಪಾತ್ರಗಳಲ್ಲೇ ಕಾಲ ಸವೆಸಿ, ಅರವತ್ತಾರನೆಯ ವಯಸ್ಸಿಗೆ ಟಿವಿ ಧಾರಾವಾಹಿಯೊಂದರಲ್ಲಿ ತಾತನಾದರು. ವಾರಕ್ಕೆ ಆರು ದಿನ, ಸಂಜೆ ಏಳೂವರೆಗೆ. ಮನೆಯಲ್ಲಿ ಯಾರು ಎಷ್ಟೇ ಜಗಳವಾಡಲಿ, ಕೊನೆಗೆ ತಾತ ಬಂದು "ಎಲ್ಲರದ್ದೂ ಊಟ ಆಯ್ತೇನ್ರೋ?" ಎಂದು ಕೇಳಿದರೆ ಮುಗಿಯಿತು, ನೋಡುವವರ ಕಣ್ಣು ಒದ್ದೆ.

ನಾಲ್ಕು ವರ್ಷದಲ್ಲಿ ಮಾವ ಆ ತಾತನೇ ಆಗಿಬಿಟ್ಟಿದ್ದರು. ಪಾತ್ರದ ಬೂದು ಸ್ವೆಟರನ್ನು ಮನೆಯಲ್ಲೂ ತೊಡುತ್ತಿದ್ದರು. ಕ್ಷೌರದ ಅಂಗಡಿಯಲ್ಲಿ ಅವರು ಸರದಿ ಕಾಯುವ ಹಾಗಿರಲಿಲ್ಲ. ಬಸ್ಸಿನಲ್ಲಿ ಹೆಂಗಸರು ಎದ್ದು ಸೀಟು ಬಿಟ್ಟು, ಅವರ ಕೈ ಹಿಡಿದು, ಸ್ವಂತ ಮನೆಯ ಕಷ್ಟವನ್ನೆಲ್ಲ ಹೇಳಿಕೊಳ್ಳುತ್ತಿದ್ದರು. ಮಾವ ತಲೆಯಾಡಿಸಿ ಧಾರಾವಾಹಿಯ ಯಾವುದೋ ಡೈಲಾಗು ಹೇಳಿ ಸಮಾಧಾನ ಮಾಡುತ್ತಿದ್ದರು. ಆ ಡೈಲಾಗುಗಳಲ್ಲಿ ಒಂದು ಸಾಲೂ ಅವರದ್ದಲ್ಲ ಎಂದು ಅವರಿಗೆ ಯಾರೂ ನೆನಪು ಮಾಡಬೇಕಾದ ಪ್ರಸಂಗ ಬಂದಿರಲಿಲ್ಲ.

ಅವಳಿಗೆ ಕೆಲಸ ಕೊಡಿಸಿದವರೂ ಮಾವನೇ. ಧಾರಾವಾಹಿ ಬರೆಯುವವರನ್ನು ಎಲ್ಲರೂ ದೊಡ್ಡ ರೈಟರು ಅನ್ನುತ್ತಿದ್ದರು. ಅವರೂ ಮಾವನೂ ನಾಟಕದ ದಿನಗಳಿಂದ ಸ್ನೇಹಿತರು. ಮಾವ ಅವಳನ್ನು ಅವರೆದುರು ನಿಲ್ಲಿಸಿ ಶಿಫಾರಸು ಮಾಡಿದ್ದು ಹೀಗೆ: "ನಮ್ಮ ಹುಡುಗಿ. ಬರವಣಿಗೆ ನೀಟು. ತಲೆ ಅಷ್ಟಕ್ಕಷ್ಟೆ, ಕೈ ಮಾತ್ರ ಚೆನ್ನಾಗಿ ಓಡತ್ತೆ." ಮೂವರೂ ನಕ್ಕರು. ಅವಳ ನಗು ಎಲ್ಲರಿಗಿಂತ ಆಮೇಲೆ ನಿಂತಿತು. ಆಗ ಅವಳಿಗೆ ಮೂವತ್ತು.

ಬರೆಯುವ ಕೋಣೆ ಟೈರು ಅಂಗಡಿಯೊಂದರ ಮೇಲೆ, ಮೂರನೆಯ ಮಹಡಿಯಲ್ಲಿತ್ತು. ಒಂದು ಉದ್ದ ಮೇಜು, ತೆಗೆಯಲು ಬಾರದ ಒಂದು ಕಿಟಕಿ, ಗೋಡೆಯ ತುಂಬ ಸೀನುಗಳ ಚೀಟಿ. ದೊಡ್ಡ ರೈಟರಿಗೆ ಬೆನ್ನುಮೂಳೆಯ ತೊಂದರೆ. ಅವರು ಕುರ್ಚಿಯ ಮೇಲೆ ಕೂರುವಂತಿರಲಿಲ್ಲ. ನೆಲದ ಮೇಲೆ ಚಾಪೆ ಹಾಸಿ ಅಂಗಾತ ಮಲಗಿ, ಸೂರು ನೋಡುತ್ತ, ಅತ್ತೆ ಸೊಸೆ ತಾತ ಪೊಲೀಸು ಎಲ್ಲರ ದನಿಯನ್ನೂ ತಾವೇ ತೆಗೆದು ಡೈಲಾಗು ಹೇಳುತ್ತಿದ್ದರು. ಅವಳು ಟೈಪು ಮಾಡುತ್ತಿದ್ದಳು. ಎಲ್ಲಾದರೂ ಸಾಲು ಸಪ್ಪೆಯಾದರೆ ಅವಳ ಬೆರಳು ತಾನಾಗಿ ನಿಧಾನವಾಗುತ್ತಿತ್ತು. ದೊಡ್ಡ ರೈಟರು ಮಲಗಿದಲ್ಲಿಂದಲೇ "ಸರಿಯಿಲ್ಲ ಅಲ್ವಾ? ಬೇರೆ ಹೇಳ್ತೀನಿ, ತಡಿ" ಅನ್ನುತ್ತಿದ್ದರು. ಅವಳು ಏನನ್ನೂ ಹೇಳದೆಯೇ ಅವರು ಅವಳ ಅಭಿಪ್ರಾಯ ಕೇಳುತ್ತಿದ್ದರು ಎಂದರೆ, ಮಾವನ ಮನೆಯಲ್ಲಿ ಅವಳಿಗೆ ಸಿಗದಿದ್ದದ್ದು ಈ ಕೋಣೆಯಲ್ಲಿ ಸಿಕ್ಕಿತ್ತು.

ಒಂದು ಮಂಗಳವಾರ ಚಾನೆಲ್ಲಿನ ಮೇಡಂ ಬಂದರು. ಚಪ್ಪಲಿ ಬಿಡದೆ, ಕೂರದೆ, ವಿಷಯಕ್ಕೇ ಬಂದರು.

"ತಾತನ ಪಾತ್ರ ಮುಗಿಸಿ. ಎರಡು ಪುಟದ ಸೀನಿಗೆ ಅರ್ಧ ದಿನ ಹಿಡಿಯತ್ತೆ. ಕ್ಯಾಮೆರಾ ಹಿಂದೆ ಬೋರ್ಡ್ ಮೇಲೆ ಡೈಲಾಗ್ ಬರೆದು ಹಿಡಿದ್ರೂ ಮರೀತಾರೆ. ಮೊನ್ನೆ ಒಂದು ಸಾಲಿಗೆ ಹದಿನೈದು ಟೇಕ್."

"ಸಾಯಿಸೋದಾ?" ಎಂದರು ದೊಡ್ಡ ರೈಟರು ಚಾಪೆಯ ಮೇಲಿಂದ.

"ಸಾಯಿಸ್ಬೇಡಿ. ಹೋದ ವರ್ಷ ಅಮ್ಮನ್ನ ಸಾಯಿಸಿ ಅನುಭವಿಸಿದ್ದು ಸಾಲದಾ? ಅಮ್ಮನ ಜೊತೆ ನೋಡೋರೂ ಹೋದ್ರು."

"ಹಾಗಾದ್ರೆ ನಾವು ಕಳಿಸೋದು ಬೇಡ. ನೋಡೋರೇ ಕಳಿಸ್ಲಿ. ಏಳು ವಾರ ಕೊಡಿ, ಈ ಮುದುಕ ತೊಲಗಿದ್ರೆ ಸಾಕಪ್ಪಾ ಅಂತ ಅವರೇ ಅನ್ನೋ ಹಾಗೆ ಮಾಡೋಣ."

ಮೇಡಂ ಹೋದ ಮೇಲೆ ದೊಡ್ಡ ರೈಟರು, "ಮೂವತ್ತು ವರ್ಷದ ಸ್ನೇಹ. ನನ್ನ ಬಾಯಲ್ಲಿ ಬರಲ್ಲ. ನೀನು ಬರಿ" ಎಂದರು. ಏಳು ವಾರವೂ ಬರವಣಿಗೆ ಅವರ ಹೆಸರಿನಲ್ಲೇ ಹೋಗುತ್ತದೆ, ಹೊಸಬರನ್ನು ಪರೀಕ್ಷೆ ಮಾಡುವುದು ಹಾಗೆಯೇ. ಸರಿಯಾಗಿ ಬಂದರೆ ಎಂಟನೆಯ ವಾರದಿಂದ ಟೈಟಲ್ಲಿನಲ್ಲಿ 'ಸಂಭಾಷಣೆ' ಎಂದು ಅವಳ ಹೆಸರು. ಪಾತ್ರ ಹೋಗುವ ಸುದ್ದಿಯನ್ನು ನಟರಿಗೆ ಮೊದಲೇ ಹೇಳುವ ಪದ್ಧತಿ ಈ ವ್ಯಾಪಾರದಲ್ಲಿಲ್ಲ. ಹೇಳಿದರೆ ಮುಖ ಬಾಡಿಸಿಕೊಂಡು ನಟಿಸುತ್ತಾರೆ.

ಅವಳು ಆಗಲ್ಲ ಅನ್ನಬಹುದಿತ್ತು. ಒಂದು ದಿನ ಯೋಚಿಸುತ್ತೇನೆ ಎಂದಳು, ಅದು ಬರೀ ಮರ್ಯಾದೆಗೆ. ಮೆಟ್ಟಿಲಿಳಿಯುವಷ್ಟರಲ್ಲಿ ಮೊದಲ ಸೀನು ತಲೆಯಲ್ಲಿ ಶುರುವಾಗಿತ್ತು.

ಆ ಮೊದಲ ಸೀನು ಶುದ್ಧ ಕಸ. ಧಾರಾವಾಹಿಯ ನಾಯಕಿ ತಾತನ ಮೊಮ್ಮಗನ ಹೆಂಡತಿ, ಎಲ್ಲರ ಬಾಯಲ್ಲೂ ಸೊಸೆ. ತಾತ ಸೊಸೆಯ ಕೆನ್ನೆಗೆ ಬಾರಿಸುವ ಹಾಗೆ ಬರೆದು ತಂದಳು. ದೊಡ್ಡ ರೈಟರು ನಕ್ಕು ನಕ್ಕು ಬೆನ್ನು ಹಿಡಿದುಕೊಂಡರು.

"ಇದನ್ನ ನೋಡಿ ಜನ ಏನಂತಾರೆ ಗೊತ್ತಾ? ಪಾಪ, ತಾತನಿಗೆ ಹುಷಾರಿಲ್ಲ, ಯಾರಾದ್ರೂ ಡಾಕ್ಟರಿಗೆ ತೋರ್ಸಿ ಅಂತಾರೆ. ಪ್ರೀತಿ ಇನ್ನೂ ಜಾಸ್ತಿ ಆಗತ್ತೆ. ಅವರನ್ನ ಯಾಕೆ ಇಷ್ಟ ಪಡ್ತಾರೆ, ಹೇಳು."

"ಎಲ್ಲರನ್ನೂ ವಿಚಾರಿಸ್ಕೋತಾರೆ. ಮನೇಲಿ ಅವರಿಗೆ ಗೊತ್ತಿಲ್ಲದ್ದು ಏನೂ ಇಲ್ಲ. ತಮಾಷೆ ಮಾಡ್ತಾರೆ."

"ಅದನ್ನೇ ತಗೋ. ಒಂದೊಂದನ್ನೂ ಒಂದು ಇಂಚು ಜಾಸ್ತಿ ಮಾಡು. ಕೆಟ್ಟವನನ್ನ ಮಾಡೋದು ಯಾರು ಬೇಕಾದ್ರೂ ಮಾಡ್ತಾರೆ. ಒಳ್ಳೆಯವನು ಒಳ್ಳೆಯವನಾಗೇ ಇರ್ಲಿ, ನೋಡೋರಿಗೆ ಮಾತ್ರ ಮೈ ಉರೀಬೇಕು."

ಆ ಇಂಚು ಎಲ್ಲಿ ಸಿಗುತ್ತದೆ ಎಂದು ಅವಳು ದೂರ ಹುಡುಕಬೇಕಾಗಿರಲಿಲ್ಲ. ಅಮ್ಮ ತೀರಿದ ಮೇಲೆ ಅವಳು ಎರಡು ಬೀದಿ ಆಚೆ ಒಂಟಿ ಕೋಣೆಯಲ್ಲಿದ್ದರೂ ಭಾನುವಾರದ ಊಟ ಮಾವನ ಮನೆಯಲ್ಲೇ. ಮಾವ ಆ ಮನೆಯಲ್ಲಿ ಎಲ್ಲರನ್ನೂ ಪ್ರೀತಿಸುತ್ತಿದ್ದರು, ಮತ್ತು ಆ ಪ್ರೀತಿಯನ್ನು ಯಾರೂ ಬಾಗಿಲು ಹಾಕಿಕೊಂಡು ತಪ್ಪಿಸಿಕೊಳ್ಳುವಂತಿರಲಿಲ್ಲ. ಅತ್ತೆಯ ಗರ್ಭಕೋಶ ತೆಗೆಸಿದ ಕಥೆಯನ್ನು ಬಂದವರಿಗೆಲ್ಲ ನಟಿಸಿ ತೋರಿಸುತ್ತಿದ್ದರು. ಯಾರ ಹೆಸರಿಗೆ ಕಾಗದ ಬಂದರೂ ಒಡೆದು ಓದುತ್ತಿದ್ದರು. "ನಮ್ಮ ಮನೇಲಿ ಗುಟ್ಟು ಅನ್ನೋದೇ ಇಲ್ಲ" ಎಂಬುದು ಅವರ ಹೆಮ್ಮೆ.

ಅವಳ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅಂಥ ಒಂದು ಕಾಗದ ಬಂದಿತ್ತು. ಯಾರಿಗೂ ಹೇಳದೆ ವಾರಪತ್ರಿಕೆಯೊಂದಕ್ಕೆ ಕಥೆ ಕಳಿಸಿದ್ದಳು. ಕಥೆ ಹಾಕಿಕೊಳ್ಳಲಾಗದು, ಆದರೆ ಬರೆಯುವುದು ಬಿಡಬೇಡಿ, ನಿಮ್ಮಲ್ಲಿ ಏನೋ ಇದೆ ಎಂದು ಸಂಪಾದಕರು ಕೈಯಾರೆ ನಾಲ್ಕು ಸಾಲು ಬರೆದಿದ್ದರು. ಮಾವ ಅದನ್ನು ಒಡೆದು, ಹಜಾರದಲ್ಲಿ ಕೂತಿದ್ದ ಎಂಟು ಜನ ನೆಂಟರ ಮುಂದೆ ನಾಲ್ಕು ಸಾಲನ್ನೂ ನಾಲ್ಕು ದನಿಯಲ್ಲಿ ಓದಿದರು. ಒಮ್ಮೆ ಮುದುಕ ಸಂಪಾದಕ, ಒಮ್ಮೆ ಮೂಗಿನಲ್ಲಿ ಮಾತಾಡುವ ಸಂಪಾದಕ, ಹೀಗೆ. "ಏನೋ ಇದೆಯಂತೆ, ಏನು ಅಂತ ಅವನಿಗೂ ಗೊತ್ತಿಲ್ಲ. ಅಕ್ಷರ ನೀಟಾಗಿದೆ ಅಂತ ಇರಬೇಕು. ಗುಮಾಸ್ತೆ ನಮ್ಮ ಹುಡುಗಿ" ಎಂದರು. ಹೆಸರು ಹುಟ್ಟಿದ್ದು ಆವತ್ತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಅವಳೂ ನಕ್ಕಳು. ಆಮೇಲೆ ಹದಿನೈದು ವರ್ಷ ಸ್ವಂತದ್ದೊಂದು ಸಾಲು ಬರೆಯಲಿಲ್ಲ.

ಅದನ್ನೇ ಬರೆದಳು. ಸೊಸೆ ಮುಂದೆ ಓದಬೇಕೆಂದು ಗುಟ್ಟಾಗಿ ಕಾಲೇಜಿಗೆ ಅರ್ಜಿ ಹಾಕಿದ್ದಾಳೆ, ಉತ್ತರ ಬಂದಿದೆ, ತಾತ ಒಡೆದು ನೆಂಟರ ಮುಂದೆ ದನಿ ಬದಲಿಸಿ ಬದಲಿಸಿ ಓದುತ್ತಾರೆ. ಸೊಸೆಗೆ ಒಂದೂ ಡೈಲಾಗಿಲ್ಲ. ಕೊನೆಯಲ್ಲಿ ಒಂದೇ ಸೂಚನೆ: ಅವಳೂ ನಗುತ್ತಾಳೆ.

ದೊಡ್ಡ ರೈಟರು ಎರಡು ಸಲ ಓದಿಸಿಕೊಂಡರು. "ಎಲ್ಲಿಂದ ಬಂತು ಇದು?"

"ಹೊಳೀತು."

"ಸುಳ್ಳು ಹೇಳ್ತೀಯ. ಇರ್ಲಿ, ಕಳಿಸು."

ಶೂಟಿಂಗಿಗೆ ಹಾಳೆ ತಲುಪಿಸುವ ನೆಪದಲ್ಲಿ ಅವಳೇ ಹೋದಳು. ಮಾವ ಬೋರ್ಡಿನ ಕಡೆ ಕಣ್ಣೆತ್ತಲಿಲ್ಲ. ಎರಡನೆಯ ಟೇಕಿಗೇ ಮುಗಿಯಿತು. ನಾಲ್ಕು ದನಿ, ಆ ಮೂಗಿನದೂ ಸೇರಿ, ಎಲ್ಲವೂ ತಾವಾಗಿ ಬಂದವು. ಮೂಗಿನ ದನಿಯ ಸೂಚನೆ ಅವಳ ಹಾಳೆಯಲ್ಲಿರಲಿಲ್ಲ. ಮಾವ ಬೆವರು ಒರೆಸಿಕೊಳ್ಳುತ್ತ ಅವಳ ಬಳಿ ಬಂದಾಗ ಈಗ ಇವರಿಗೆ ನೆನಪಾಯಿತು, ಈಗ ಬೈಯುತ್ತಾರೆ ಎಂದುಕೊಂಡಳು.

"ಎಂಥಾ ರೈಟರು ಕಣಮ್ಮ ನಿಮ್ಮೋನು" ಎಂದರು ಮಾವ. "ಇನ್ನೊಬ್ಬರ ಕಾಗದ ಒಡೆದು ನಗೋ ಮುದುಕ. ಎಂಥಾ ಹಲ್ಕಾ ಬುದ್ಧಿ ನೋಡು. ಅಂಥವರನ್ನ ನಾನು ಜನ್ಮದಲ್ಲಿ ನೋಡಿಲ್ಲ, ಆದ್ರೂ ಹೇಗೆ ಬಂತು ನೋಡಿದ್ಯಾ?"

ಅವರ ಮುಖದಲ್ಲಿ ವ್ಯಂಗ್ಯ ಇದೆಯೇ ಎಂದು ಅವಳು ಹುಡುಕಿದಳು. ಇರಲಿಲ್ಲ. ಅವಳ ಹದಿನೈದು ವರ್ಷವನ್ನು ನುಂಗಿದ ಆ ಮಧ್ಯಾಹ್ನ ಅವರಿಗೆ ನೆನಪಿನಲ್ಲೇ ಉಳಿದಿರಲಿಲ್ಲ. ಅಲ್ಲಿಯವರೆಗೆ ಅವಳಿಗೆ ಸ್ವಲ್ಪ ಅಳುಕಿತ್ತು, ಅದು ಅಲ್ಲಿಗೆ ತೀರಿತು. ಮುಂದಿನ ಕಂತುಗಳನ್ನು ಹಲ್ಲು ಕಚ್ಚಿ ಬರೆದಳು, ಮತ್ತು ಚೆನ್ನಾಗಿ ಬರೆದಳು. ತಾತ ಸೊಸೆಯ ಬಂಜೆತನವನ್ನು ಪ್ರೀತಿಯಿಂದಲೇ ಬೀದಿಯವರ ಹತ್ತಿರ ಹೇಳಿಕೊಂಡರು. ಅವಳ ಕಪಾಟನ್ನು ಪ್ರೀತಿಯಿಂದಲೇ ಜೋಡಿಸಿದರು. ದಿನಕ್ಕೆ ಹತ್ತು ಸಲ ಊಟ ಆಯಿತೇ ಎಂದು ಕೇಳಿದರು.

ಜನರಿಗೆ ಮೈ ಉರಿಯತೊಡಗಿತು. ಕ್ಷೌರದ ಅಂಗಡಿಯಲ್ಲಿ ಮಾವ ಸರದಿಗೆ ಕಾಯಬೇಕಾಯಿತು. ಬಸ್ಸಿನಲ್ಲಿ ಒಬ್ಬಾಕೆ, "ನಿಮ್ಮಂಥೋರಿಂದಲೇ ಮನೆಗಳು ಹಾಳಾಗೋದು" ಎಂದು ಮುಖಕ್ಕೆ ಹೇಳಿ ಕಿಟಕಿಯ ಕಡೆ ತಿರುಗಿದಳು. ಮಾವನಿಗೆ ಮೊದಮೊದಲು ಹೆಮ್ಮೆ. "ನಟನಿಗೆ ಇದಕ್ಕಿಂತ ದೊಡ್ಡ ಬಿರುದು ಬೇಕಾ" ಎಂದು ಊಟದ ಹೊತ್ತಿಗೆ ಹೇಳಿಕೊಂಡು ಎದೆಯುಬ್ಬಿಸಿದರು. ನಾಲ್ಕನೆಯ ವಾರ, ಕಂಡ ತಕ್ಷಣ ಓಡಿ ಬಂದು ಕಾಲು ತಬ್ಬುತ್ತಿದ್ದ ಕೆಳಗಿನ ಮನೆಯ ಮಗು ಅವರನ್ನು ನೋಡಿ ಅಮ್ಮನ ಹಿಂದೆ ಅಡಗಿತು. ಅದನ್ನೂ ನಗುತ್ತಲೇ ಹೇಳಿದರು, ಆದರೆ ಆ ದಿನ ತಟ್ಟೆಯಲ್ಲಿದ್ದದ್ದು ತಟ್ಟೆಯಲ್ಲೇ ಉಳಿಯಿತು.

ಅತ್ತೆ ಅಡುಗೆಮನೆಯಲ್ಲಿ ಅವಳನ್ನು ಹಿಡಿದು ನಿಲ್ಲಿಸಿದರು.

"ಅದು ನಿನ್ನ ಕಾಗದ."

ಅವಳು ಕೈಯಲ್ಲಿದ್ದ ತಟ್ಟೆಗಳನ್ನು ಕೆಳಗಿಟ್ಟಳು.

"ಅವರಿಗೆ ನೆನಪಿಲ್ಲ, ನನಗಿದೆ. ಅವತ್ತು ನಾನೂ ನಕ್ಕಿದ್ದೆ." ಅತ್ತೆ ನಲ್ಲಿ ತಿರುಗಿಸಿ ನೀರು ಜೋರಾಗಿ ಬಿಟ್ಟರು, ಹಜಾರಕ್ಕೆ ಕೇಳದ ಹಾಗೆ. "ಅವರನ್ನ ತೆಗೀತಾ ಇದ್ದಾರಾ?"

"ಹೂಂ."

"ನಿನ್ನ ಕೈಲಿ ತಡೆಯೋಕೆ ಆಗಲ್ವಾ?"

"ನನ್ನ ಕೈಲಿ ಏನಿದೆ ಅತ್ತೆ. ಚಾನೆಲ್ಲಿನೋರ ತೀರ್ಮಾನ."

"ಹಾಗಾದ್ರೆ ಒಂದೇ ಒಂದು ಮಾಡು. ಬರೆದಿದ್ದು ನೀನು ಅಂತ ಅವರಿಗೆ ಯಾವತ್ತೂ ಹೇಳ್ಬೇಡ. ಕೆಲಸ ಹೋದ್ರೆ ತಡ್ಕೋತಾರೆ, ನಾಟಕದೋರಿಗೆ ಅದು ಹೊಸದಲ್ಲ. ಮನೆ ಹುಡುಗೀನೇ ಮಾಡಿದ್ದು ಅಂದ್ರೆ ತಡ್ಕೊಳಲ್ಲ."

ಅವಳು ಅತ್ತೆಯ ಒದ್ದೆ ಕೈ ಹಿಡಿದು ಮಾತು ಕೊಟ್ಟಳು. ಕೊಡುವಾಗ ಮನಸ್ಸಿನಲ್ಲಿ ಮೋಸವಿರಲಿಲ್ಲ.

ಆರನೆಯ ವಾರದ ಕೊನೆಗೆ ಮೇಡಂ ಬಂದರು. ಈ ಸಲ ಚಪ್ಪಲಿ ಬಿಟ್ಟರು, ಕೂತರು ಕೂಡ. ಆ ಹೊತ್ತಿನಲ್ಲಿ ಬರುವ ಧಾರಾವಾಹಿಗಳಲ್ಲೆಲ್ಲ ತಮ್ಮದೇ ಮೊದಲಾಗಿದೆ ಎಂದರು.

"ತಾತನ್ನ ಇಟ್ಕೊಂಡುಬಿಡೋಣ. ಟೇಕು ಕೂಡ ಕಮ್ಮಿ ತಗೋತಿದ್ದಾರೆ. ಹೀಗೇ ಗೋಳು ಹುಯ್ಕೊಳ್ಳೋ ತಾತ ಆಗಿ ಇನ್ನೂ ಒಂದು ವರ್ಷ ಓಡ್ಲಿ."

ದೊಡ್ಡ ರೈಟರ ಮುಖ ಅರಳಿತು. ಗೆಳೆಯ ಉಳಿದ. "ನನ್ನನ್ನ ಕೇಳಬೇಡಿ. ಬರೀತಿರೋಳು ಇವಳು" ಎಂದು ಚಾಪೆಯಿಂದ ಕೈ ತೋರಿಸಿದರು.

ಆಗಲಿ ಮೇಡಂ ಎಂಬ ಎರಡು ಮಾತು ಸಾಕಿತ್ತು. ಮಾವ ಇನ್ನೊಂದು ವರ್ಷ ಬಣ್ಣ ಹಚ್ಚುತ್ತಿದ್ದರು. ಅವಳು ಗೋಡೆಯ ಚೀಟಿಗಳನ್ನು ನೋಡಿದಳು. ಸೊಸೆ ಎಲ್ಲೆಲ್ಲಿ ನುಂಗಿಕೊಂಡಿದ್ದಾಳೆ ಎಂದು ಸಾಲಾಗಿ ಕಾಣುತ್ತಿತ್ತು.

"ಆಗಲ್ಲ ಮೇಡಂ" ಎಂದಳು. "ಸೊಸೆ ಆರು ವಾರ ಸಹಿಸಿದ್ದಾಳೆ. ಜನ ಇನ್ನೊಂದು ವಾರ ನೋಡ್ತಾರೆ. ಆಮೇಲೂ ಸುಮ್ನಿದ್ರೆ ಕೋಪ ತಾತನ ಮೇಲಿಂದ ಅವಳ ಮೇಲೆ ತಿರುಗತ್ತೆ, ಇವಳಿಗೆ ಬಾಯಿಲ್ವಾ ಅಂತಾರೆ. ನಾಯಕಿ ಹೋದ್ರೆ ಧಾರಾವಾಹೀನೇ ಹೋಯ್ತು. ಈಗ ಕಳಿಸಿದ್ರೆ ಅವಳು ಗೆದ್ದ ಹಾಗೆ."

ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಹೇಸಿಗೆ ಇರುವುದೇ ಅಲ್ಲಿ. ತಪ್ಪು ಲೆಕ್ಕಾಚಾರದಿಂದ ಮನೆಯವರಿಗೆ ಕೇಡು ಮಾಡಿದವರನ್ನು ಕ್ಷಮಿಸಬಹುದು, ಇವಳದ್ದು ಸರಿಯಾಗಿತ್ತು. ಮೇಡಂ ಮೊದಲ ಬಾರಿಗೆ ಅವಳನ್ನು ಮನುಷ್ಯಳೆಂಬಂತೆ ನೋಡಿ ಹೆಸರೇನು ಎಂದು ಕೇಳಿದರು. ದೊಡ್ಡ ರೈಟರು ಗೋಡೆಯ ಕಡೆ ಹೊರಳಿದರು.

ಕೊನೆಯ ಸೀನಿನಲ್ಲಿ ತಾತ ಎಂದಿನಂತೆ ಬಂದು ಎಲ್ಲರದ್ದೂ ಊಟ ಆಯಿತೇ ಎಂದು ಕೇಳುತ್ತಾರೆ. ಯಾರೂ ಉತ್ತರ ಕೊಡುವುದಿಲ್ಲ. ಸೊಸೆ ಅವರ ಚೀಲವನ್ನು ತಂದು ಕಾಲ ಬಳಿ ಇಟ್ಟು, "ಆಯ್ತು ತಾತ. ನಿಮ್ಮದೂ ಆಗಿದೆಯಲ್ಲ? ಹೊರಡಿ" ಅನ್ನುತ್ತಾಳೆ. ಮಾವ ಚೀಲವನ್ನು ನೋಡಿದ ರೀತಿಗೆ ಲೈಟು ಹಿಡಿದವರೂ ಚಪ್ಪಾಳೆ ತಟ್ಟಿದರು. ಮುಂದಿನ ಡೇಟು ಫೋನು ಮಾಡಿ ಹೇಳುತ್ತೇವೆ ಎಂದು ಮ್ಯಾನೇಜರು ಕಾರಿನವರೆಗೆ ಬಂದು ಬೀಳ್ಕೊಟ್ಟರು. ಆ ಫೋನು ಯಾರಿಗೂ ಬಂದ ಉದಾಹರಣೆಯಿಲ್ಲ. ಮಾವನಿಗೂ ಇದು ಗೊತ್ತು, ಆದರೂ ಮೂರು ವಾರ ಮೊಬೈಲನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದರು. ಏಳೂವರೆಗೆ ಟಿವಿ ಹಾಕುವುದನ್ನು ಬಿಟ್ಟರು. ಟೈಟಲ್ಲಿನಲ್ಲಿ ಅವಳ ಹೆಸರು ಬರುತ್ತಿರುವುದನ್ನು ಹಾಗಾಗಿ ಅವರು ನೋಡಲಿಲ್ಲ.

ಆಮೇಲಿನ ಒಂದು ಭಾನುವಾರ ಊಟವಾದ ಮೇಲೆ ಮಾವ ಹಜಾರದ ಕುರ್ಚಿಯಲ್ಲಿ ಕೂತಿದ್ದರು. ಮುಖ ಇಳಿದಿತ್ತು, ಸ್ವೆಟರು ಮೈಗೆ ದೊಡ್ಡದಾಗಿತ್ತು. ಹೊರಗೆ ಹೋದರೆ ಜನ ಇನ್ನೂ ಮುಖ ಸಿಂಡರಿಸುತ್ತಾರೆಂದು ಅವರು ಬೀದಿಗೆ ಇಳಿಯುವುದೇ ಕಡಿಮೆಯಾಗಿತ್ತು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದರು.

"ಏನೇ ಹೇಳು" ಎಂದರು ಮಾವ, "ಆ ಕೊನೆ ಏಳು ವಾರ ಬರೆದ ಕೈಗೆ ಕೈ ಮುಗೀಬೇಕು. ನಲವತ್ತು ವರ್ಷ ಬಣ್ಣ ಹಚ್ಚಿದ್ದೀನಿ, ಅಂಥದ್ದು ನನ್ನ ಪಾಲಿಗೆ ಬಂದಿರಲಿಲ್ಲ. ಕೆಲಸ ಹೋಯ್ತು, ಹೋಗ್ಲಿ. ಫೋನ್ ಮಾಡಿ ಅವನಿಗೆ ಹೇಳ್ಬೇಕು ಅಂತಿದ್ದೀನಿ."

"ಅಷ್ಟು ಚೆನ್ನಾಗಿತ್ತಾ ಮಾವ?"

"ನಿನಗೇನು ಗೊತ್ತಾಗತ್ತೆ." ಮಾವ ಪ್ರೀತಿಯಿಂದಲೇ ಅವಳ ತಲೆ ಸವರಿದರು. "ನಾಲ್ಕು ವರ್ಷ ಪಕ್ಕದಲ್ಲೇ ಕೂತಿದ್ದೀಯ, ಸ್ವಲ್ಪನಾದ್ರೂ ಅಂಟಬೇಕಿತ್ತು. ಬೇಜಾರು ಮಾಡ್ಕೋಬೇಡ ಗುಮಾಸ್ತೆ. ಅದು ಎಲ್ಲರಿಗೂ ಬರೋದಲ್ಲ."

ಬಾಗಿಲಲ್ಲಿ ಅತ್ತೆ ಬೇಡ ಎಂದು ತಲೆಯಾಡಿಸಿದರು. ಅವಳು ಅದನ್ನು ನೋಡಿದಳು.

"ಬರೆದದ್ದು ನಾನು" ಎಂದಳು.

"ಏನನ್ನ?"

"ಏಳು ವಾರವನ್ನೂ. ಒಂದು ಸಾಲೂ ಅವರದ್ದಲ್ಲ."

ಮಾವ ನಕ್ಕರು. ನಗೆಗೆ ಜೊತೆ ಬೇಕಾಗಿ ಅತ್ತೆಯ ಕಡೆ ತಿರುಗಿದರು. ಅತ್ತೆ ನೆಲ ನೋಡುತ್ತಿದ್ದರು. ನಗು ಮುಖದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಉಳಿದು, ಆರಿತು.

"ಕಾಗದದ ಸೀನು?"

"ಅದೂ."

"ಎಲ್ಲಿಂದ ತಂದೆ ಅದನ್ನ?"

ಹೊಳೀತು ಎಂದು ಇಲ್ಲೂ ಹೇಳಬಹುದಿತ್ತು. ಅವಳು ಹೇಳಿದಳು. ಯಾವ ವರ್ಷ, ಯಾವ ಪತ್ರಿಕೆ, ಯಾವ ನೆಂಟರು ಎಲ್ಲಿ ಕೂತಿದ್ದರು, ಸಂಪಾದಕರ ನಾಲ್ಕು ಸಾಲು, ಮೂಗಿನ ದನಿ, ಎಲ್ಲ. ಮಾವ ಅವಳ ಬಾಯನ್ನೇ ನೋಡುತ್ತ ಕೇಳಿದರು.

"ಹಾಗಾದ್ರೆ ಅದು ನಾನಾ."

"ಹೂಂ."

"ಜನ ಉಗಿದಿದ್ದು ನನಗೇ."

ಅವಳು ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು, ಆದರೆ ಇನ್ನೂ ಅವರು ಹೇಳಬೇಕಾದ್ದನ್ನು ಹೇಳಿರಲಿಲ್ಲ.

"ಮೇಡಂ ನಿಮ್ಮನ್ನ ಇಟ್ಕೋಬೇಕು ಅಂದಿದ್ರು ಮಾವ. ನಾನೇ ಬೇಡ ಅಂದೆ."

ಅತ್ತೆ "ಅಯ್ಯೋ" ಎಂದದ್ದು ಉಸಿರಿನಷ್ಟೇ ಸಣ್ಣಗೆ ಕೇಳಿಸಿತು.

"ಯಾಕೆ?" ಎಂದರು ಮಾವ.

"ಸೊಸೆ ಪಾತ್ರ ಸತ್ತುಹೋಗ್ತಿತ್ತು."

ಮಾವ ಯೋಚಿಸಿದರು. ನಿಜವಾಗಿ ಯೋಚಿಸಿದರು, ಹಣೆ ಗಂಟಿಕ್ಕಿ, ಸೀನುಗಳನ್ನು ಒಂದೊಂದಾಗಿ ಮನಸ್ಸಿನಲ್ಲಿ ಆಡಿಸಿ ನೋಡಿದರು. ನಲವತ್ತು ವರ್ಷ ರಂಗದ ಮೇಲೆ ನಿಂತವರು ಈ ವಿಷಯದಲ್ಲಿ ಸುಳ್ಳು ಹೇಳಲಾರರು.

"ಹೌದು" ಎಂದರು ಕೊನೆಗೆ. "ಸಾಯ್ತಿತ್ತು. ಸರಿಯಾಗೇ ಮಾಡಿದ್ದೀಯ." ಸ್ವಲ್ಪ ತಡೆದು, "ಚೆನ್ನಾಗಿ ಬರೀತೀಯ" ಎಂದರು.

ಆಮೇಲೆ ಎದ್ದು ಕೋಣೆಯ ಕಡೆ ನಡೆದರು. ಬಾಗಿಲ ಬಳಿ ನಿಂತು, ತಿರುಗದೆ, "ಈ ಮನೆ ಬೀಗದ ಕೈ ಒಂದು ನಿಮ್ಮ ಹತ್ರ ಇದೆಯಲ್ಲ, ಹೋಗುವಾಗ ನಿಮ್ಮತ್ತೆ ಕೈಗೆ ಕೊಟ್ಟುಬಿಡಿ" ಎಂದರು. ಹುಟ್ಟಿದಾಗಿನಿಂದ ಅವಳನ್ನು ಅವರು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಅತ್ತೆ ಕೈ ಚಾಚಿದರು, ಮುಖ ನೋಡಲಿಲ್ಲ. ಅವಳು ಗೊಂಚಲಿನಿಂದ ಬೀಗದ ಕೈ ಬಿಡಿಸಿ ಕೊಟ್ಟಳು. ಬೀದಿಗೆ ಇಳಿದಾಗ ಅಳು ಬರುತ್ತದೆಂದು ಕಾದಳು. ಬಂದದ್ದು ಸಂತೋಷ. ಅವಳಿಗೇ ನಾಚಿಕೆಯಾಗುವಷ್ಟು ಸಂತೋಷ. ಈ ಮಾತನ್ನು ದೊಡ್ಡ ರೈಟರು ಹೇಳಿದ್ದರೂ, ಮೇಡಂ ಹೇಳಿದ್ದರೂ, ಲೋಕವೇ ಹೇಳಿದ್ದರೂ ಹೀಗಾಗುತ್ತಿರಲಿಲ್ಲ. ಚೆನ್ನಾಗಿ ಬರೀತೀಯ, ಚೆನ್ನಾಗಿ ಬರೀತೀಯ ಎಂದು ಎರಡು ಬೀದಿಯುದ್ದಕ್ಕೂ ಅವಳು ಮಾವನ ದನಿಯಲ್ಲೇ ಹೇಳಿಕೊಂಡು ನಡೆದಳು.